ಕರೆಂಟಿಲ್ಲ, ಹೀಟರೂ ಕೆಟ್ಟಿದೆ: ಈ ಮಳೆಯಲ್ಲಿ ವಯಸ್ಸಾದವರನ್ನು ಬೆಚ್ಚಗಿಡುವುದು ಹೇಗೆ?

ಹ್ಯಾಂಡ್‌ಪೋಸ್ಟ್, ಮೂಡಿಗೆರೆ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ಪುನರ್ವಸು ಮಳೆ ಬಿಡದೆ ಹಿಡಿದು ಇಂದಿಗೆ ಆರು ದಿನ. ನಮ್ಮ ಮೇಲಿನ ರಸ್ತೆಯಲ್ಲಿ ಸಿಲ್ವರ್ ಓಕ್ ಮರವೊಂದು ತಂತಿಯನ್ನು ಎಳೆದುಕೊಂಡು ಬಿದ್ದು, ಮೂರು ದಿನಗಳಿಂದ ಕರೆಂಟಿಲ್ಲ. ಅದಕ್ಕೂ ಮೊದಲೇ ನಮ್ಮ ರೂಮ್ ಹೀಟರ್ ಕೆಟ್ಟಿತ್ತು. ಒಂದು ವಾರದಿಂದ ಅದರ ಕಾಯಿಲ್ ಸರಿಯಾಗಿ ಕೆಂಪಗಾಗುತ್ತಲೇ ಇರಲಿಲ್ಲ. ಆಮೇಲೆ ಒಂದು ಸಂಜೆ ಪ್ಲಗ್ಗಿನ ಬಳಿ ಸುಟ್ಟ ವಾಸನೆ ಬಂದು ಪೂರ್ತಿ ನಿಂತುಹೋಯಿತು.

ಮನೆಯಲ್ಲಿ 78 ವರ್ಷದ ಅತ್ತೆಯವರಿದ್ದಾರೆ, ಅವರಿಗೆ ಸಕ್ಕರೆ ಕಾಯಿಲೆ ಇದೆ. ಹಳೆಯ ಹೆಂಚಿನ ಮನೆಯನ್ನು ಕೆಡವಿ ಕಟ್ಟಿಸಿದ ಆರ್‌ಸಿಸಿ ಮನೆ ನಮ್ಮದು. ಅವರು ಮಲಗುವ ಕೋಣೆಯ ದೊಡ್ಡ ಕಿಟಕಿ ಪಶ್ಚಿಮಕ್ಕಿದೆ. ಗೋಡೆಗೆ ತೂಗುಹಾಕಿದ ಉಷ್ಣಮಾಪಕ ಬೆಳಗಿನ ಜಾವ 17 ಡಿಗ್ರಿ ತೋರಿಸುತ್ತದೆ. ಹಾಸಿಗೆಯ ಮೇಲೆ ಅಂಗೈ ಇಟ್ಟರೆ ಅದು ತಣ್ಣಗಿದೆಯೋ ಒದ್ದೆಯಾಗಿದೆಯೋ ಹೇಳಲಾಗುವುದಿಲ್ಲ. ನಿನ್ನೆ ರಾತ್ರಿ ಎರಡು ರಜಾಯಿ ಹೊದಿಸಿದರೂ ಅವರ ಪಾದ ಬೆಚ್ಚಗಾಗಲಿಲ್ಲ. ಹಿಂದೆ ಮಾಡುತ್ತಿದ್ದಂತೆ ಬಾಣಲೆಯಲ್ಲಿ ಕೆಂಡ ತುಂಬಿ ಮಂಚದ ಪಕ್ಕ ಇಡು ಎಂದು ಅವರು ಕೇಳುತ್ತಿದ್ದಾರೆ, ನಮ್ಮ ಯಜಮಾನರಿಗೂ ಅದೇ ಸರಿ ಎನಿಸಿದೆ. ನನಗೆ ಧೈರ್ಯ ಸಾಲದು. ದಯವಿಟ್ಟು ತಿಳಿದವರು ಇಂದು ಸಂಜೆಯೊಳಗೆ ಹೇಳಿ.

ಕೊಪ್ಪದ ತೋಟದ ಮನೆಯಿಂದ:

ಅಕ್ಕಾ, ಮಲಗುವ ಕೋಣೆಯಲ್ಲಿ ಕೆಂಡ ಬೇಡವೇ ಬೇಡ. ಉಳಿದದ್ದನ್ನು ಆಮೇಲೆ ಮಾತಾಡೋಣ, ಇದನ್ನು ಮೊದಲು ನಿಲ್ಲಿಸಿ.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಹಳೆಯ ಮನೆಗೆ ಸೇರಿಸಿ ತಾರಸಿಯ ಎರಡು ಕೋಣೆ ಕಟ್ಟಿಸಿದ ಮೊದಲ ಮಳೆಗಾಲ ಅದು. ಅಜ್ಜಿ ಮತ್ತು ನನ್ನ ತಂಗಿ ಹೊಸ ಕೋಣೆಯಲ್ಲಿ ಮಲಗಿದ್ದರು. ಕಾಫಿ ಬೊಡ್ಡೆಯ ಕೆಂಡ, ಚೂರೂ ಹೊಗೆಯಿಲ್ಲ, ಮೇಲೆ ಬೂದಿ ಮುಚ್ಚಿತ್ತು. ಹೊಗೆಯಿಲ್ಲದ್ದರಿಂದಲೇ ಅಪಾಯವಿಲ್ಲ ಎಂದು ನಾವೆಲ್ಲ ನಂಬಿದೆವು. ರಾತ್ರಿ ಎರಡು ಗಂಟೆಯ ಸುಮಾರಿಗೆ ಅಜ್ಜಿ ಬಚ್ಚಲಿಗೆಂದು ಎದ್ದವರು ಹೊಸಿಲಿನಲ್ಲಿ ಕುಸಿದು ಬಿದ್ದರು. ಬೀಳುವಾಗ ಬಾಗಿಲು ತೆರೆದುಕೊಂಡಿತ್ತು, ಸದ್ದಿಗೆ ನಮಗೂ ಎಚ್ಚರವಾಯಿತು. ತಂಗಿಯನ್ನು ಎಬ್ಬಿಸಿದರೆ ಅವಳಿಗೆ ತಲೆ ಎತ್ತಲೂ ಆಗುತ್ತಿರಲಿಲ್ಲ, ಹೊರಗೆ ಕರೆತಂದ ಮೇಲೆ ವಾಂತಿ ಮಾಡಿಕೊಂಡಳು. ಇಬ್ಬರೂ ಬದುಕಿಕೊಂಡರು. ಅಜ್ಜಿ ಏಳದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಇವತ್ತಿಗೂ ಯೋಚಿಸಲಾರೆ.

ನಿಮ್ಮ ಅತ್ತೆಯವರು ಹೇಳುವುದು ಸುಳ್ಳಲ್ಲ. ಅವರ ಕಾಲದಲ್ಲಿ ಕೆಂಡ ಇಡುತ್ತಿದ್ದರು, ಏನೂ ಆಗುತ್ತಿರಲಿಲ್ಲ. ಆದರೆ ಆ ಮನೆಗಳಲ್ಲಿ ಹೆಂಚಿನ ಸಂದಿನಿಂದ, ಹಲಗೆಯ ಬಾಗಿಲಿನ ಬಿರುಕಿನಿಂದ ಗಾಳಿ ಸದಾ ಆಡುತ್ತಿತ್ತು. ಈಗಿನ ಕೋಣೆಗಳಲ್ಲಿ ಗಾಜಿನ ಕಿಟಕಿ ಹಾಕಿ ಬಾಗಿಲು ಮುಚ್ಚಿದರೆ ಒಳಗಿನ ಗಾಳಿಗೆ ಹೋಗಲು ದಾರಿಯೇ ಇರುವುದಿಲ್ಲ.

ಶುಶ್ರೂಷಕಿ, ಚಿಕ್ಕಮಗಳೂರು:

ಮೇಲಿನವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಕೆಂಡ ಸಾಕಷ್ಟು ಗಾಳಿಯಿಲ್ಲದೆ ನಿಧಾನವಾಗಿ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕಣ್ಣನ್ನು ಉರಿಸುವುದಿಲ್ಲ, ಕೆಮ್ಮನ್ನೂ ತರಿಸುವುದಿಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುವುದರಿಂದ, ಉಸಿರಾಟ ನಡೆಯುತ್ತಿದ್ದರೂ ಮೆದುಳಿಗೂ ಹೃದಯಕ್ಕೂ ಆಮ್ಲಜನಕ ತಲುಪುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲುವುದು, ಇವು ಮೊದಲ ಲಕ್ಷಣಗಳು. ನಿದ್ದೆಯಲ್ಲಿರುವವರಿಗೆ ಇವು ಗೊತ್ತಾಗುವುದೇ ಇಲ್ಲ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಹೀಗಾದರೆ ಊಟದ ದೋಷವೆಂದು ಕೂರದೆ ಎಲ್ಲರನ್ನೂ ಬಯಲಿಗೆ ಕರೆತಂದು 108ಕ್ಕೆ ಕರೆ ಮಾಡಿ. ಗ್ಯಾಸ್ ಒಲೆಯನ್ನು ಕೋಣೆ ಕಾಯಿಸಲು ಹಚ್ಚಿಡುವುದು, ಜನರೇಟರನ್ನು ಪಡಸಾಲೆಯಲ್ಲಿ ಓಡಿಸುವುದು, ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಬಳಸುವುದು, ಎಲ್ಲಕ್ಕೂ ಇದೇ ಮಾತು.

ಇನ್ನು ಅತ್ತೆಯವರ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ವಸತಿ ಮಾರ್ಗಸೂಚಿಯಲ್ಲಿ ಚಳಿಯ ದಿನಗಳಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ಹೇಳಿದೆ, ವಯಸ್ಸಾದವರಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದು. ನಿಮ್ಮ 17 ಡಿಗ್ರಿ ಗಾಬರಿಯಾಗುವಷ್ಟಲ್ಲ, ಆದರೆ ಅಲಕ್ಷಿಸುವಂಥದ್ದೂ ಅಲ್ಲ. ವಯಸ್ಸಾದವರಿಗೆ ಚಳಿಯಾಗುತ್ತಿರುವುದು ತಡವಾಗಿ ತಿಳಿಯುತ್ತದೆ, ನಡುಕವೂ ಕಡಿಮೆ. ಆದ್ದರಿಂದ ಅವರ ಬಾಯಿಮಾತನ್ನಷ್ಟೇ ನಂಬದೆ ನಿಮ್ಮ ಅಂಗೈಯನ್ನು ಅವರ ಹೊಟ್ಟೆಯ ಮೇಲಿಟ್ಟು ನೋಡಿ. ಪಾದ ತಣ್ಣಗಿರುವುದು ಸಾಮಾನ್ಯ, ಹೊಟ್ಟೆಯೂ ತಣ್ಣಗಿದ್ದರೆ, ಮಾತು ತೊದಲಿದರೆ, ಹೊತ್ತಲ್ಲದ ಹೊತ್ತಿನಲ್ಲಿ ಮಂಪರು ಕವಿದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ದೇಹದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ತುರ್ತು ಪರಿಸ್ಥಿತಿ.

ಬಿಸಿನೀರಿನ ಚೀಲ ಒಳ್ಳೆಯದು, ಆದರೆ ಸಕ್ಕರೆ ಕಾಯಿಲೆಯವರಲ್ಲಿ ಅನೇಕರಿಗೆ ಪಾದದಲ್ಲಿ ಸ್ಪರ್ಶ ಮಂದವಾಗಿರುತ್ತದೆ. ಚರ್ಮ ಸುಡುತ್ತಿದ್ದರೂ ಅವರಿಗೆ ಗೊತ್ತಾಗದೆ ಬೆಳಿಗ್ಗೆ ಬೊಬ್ಬೆ ಎದ್ದಿರುತ್ತದೆ, ಆ ಗಾಯ ತಿಂಗಳುಗಟ್ಟಲೆ ಮಾಯದೇ ಇರಬಹುದು. ಮಲಗುವ ಅರ್ಧ ಗಂಟೆ ಮೊದಲು ಚೀಲವನ್ನು ಟವೆಲಿನಲ್ಲಿ ಸುತ್ತಿ ಕಾಲಿನ ಕಡೆ ಹೊದಿಕೆಯೊಳಗೆ ಇಡಿ, ಅವರು ಮಲಗುವಾಗ ತೆಗೆದುಬಿಡಿ. ಹಾಸಿಗೆ ಬೆಚ್ಚಗಾಗಿರುತ್ತದೆ, ಅಷ್ಟು ಸಾಕು. ಕಾಲುಚೀಲ, ತಲೆಗೆ ಉಣ್ಣೆಯ ಟೋಪಿ ಅಥವಾ ಸೆರಗಿನಂತೆ ಶಾಲು ಇರಲಿ.

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು, ಹಾಸನ:

ತಾಯಿ, ಕೋಣೆಯನ್ನು ಕಾಯಿಸುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟು, ಆ ಹಿರಿಯರ ಮೈಯಿಂದ ಶಾಖ ಎಲ್ಲೆಲ್ಲಿ ಸೋರಿಹೋಗುತ್ತಿದೆ ಎಂದು ನೋಡಿ. ವಿಶ್ರಾಂತಿಯಲ್ಲಿರುವ ಒಬ್ಬ ಮನುಷ್ಯನ ದೇಹವೇ ಸುಮಾರು 70ರಿಂದ 100 ವ್ಯಾಟ್‌ನಷ್ಟು ಶಾಖವನ್ನು ಸತತವಾಗಿ ಹೊರಬಿಡುತ್ತದೆ. ಮನೆಯ ನಾಲ್ವರು ಒಂದೇ ಚಿಕ್ಕ ಕೋಣೆಯಲ್ಲಿ ಮಲಗಿದರೆ ಒಂದು ಸಣ್ಣ ಹೀಟರ್ ರಾತ್ರಿಯಿಡೀ ನಡೆದಂತೆಯೇ ಸರಿ. ಕೂಡುಕುಟುಂಬದ ಮನೆಗಳಲ್ಲಿ ಮಕ್ಕಳು ಮರಿ ಸಮೇತ ನಡುಮನೆಯಲ್ಲಿ ಸಾಲಾಗಿ ಮಲಗುತ್ತಿದ್ದುದು ಜಾಗವಿಲ್ಲವೆಂಬ ಕಾರಣಕ್ಕೆ ಮಾತ್ರವಲ್ಲ.

ಎರಡು ರಜಾಯಿ ಹೊದಿಸಿದರೂ ಪಾದ ಬೆಚ್ಚಗಾಗಲಿಲ್ಲ ಎಂದಿರಿ. ಮೇಲೆ ಎಷ್ಟು ಹೊದಿಸಿದರೂ ಕೆಳಗಿನಿಂದ ಶಾಖ ಹೋಗುತ್ತಲೇ ಇರುತ್ತದೆ. ಹತ್ತಿಯ ಹಾಸಿಗೆ ಮೈಭಾರಕ್ಕೆ ಅದುಮಿಕೊಂಡು ಒಳಗಿನ ಗಾಳಿ ಹೊರಟುಹೋದಾಗ ಅದಕ್ಕೆ ಶಾಖವನ್ನು ತಡೆಯುವ ಶಕ್ತಿ ಉಳಿಯುವುದಿಲ್ಲ. ನಿಂತ ಗಾಳಿಯೇ ನಮ್ಮ ನಿಜವಾದ ಹೊದಿಕೆ, ಬಟ್ಟೆ ಆ ಗಾಳಿಯನ್ನು ಹಿಡಿದಿಡುವ ಬಲೆ ಮಾತ್ರ. ಕಾಫಿ ಸೀಮೆಯ ಮನೆಯಲ್ಲಿ ಗೋಣಿತಾಟಿಗೆ ಬರವಿಲ್ಲವಷ್ಟೆ. ಒಣಗಿದ ತಾಟುಗಳನ್ನು ಎರಡು ಮೂರು ಪದರ ಮಂಚದ ಹಲಗೆಯ ಮೇಲೆ ಹಾಸಿ, ಅದರ ಮೇಲೆ ಚಾಪೆ, ಆಮೇಲೆ ಹಾಸಿಗೆ, ಅದರ ಮೇಲೊಂದು ಕಂಬಳಿ ಹಾಸಿ. ರಜಾಯಿಗಳಲ್ಲಿ ಒಂದನ್ನು ಕೆಳಕ್ಕೆ ಹಾಸಿದರೂ ಪರವಾಗಿಲ್ಲ, ವ್ಯತ್ಯಾಸ ಮೊದಲ ರಾತ್ರಿಯೇ ಕಾಣುತ್ತದೆ.

ಕಂಬಳಿಯ ವಿಷಯದಲ್ಲಿ ನನಗೆ ವಿಶೇಷ ಪ್ರೀತಿಯಿದೆ, ಸ್ವಲ್ಪ ಹೆಚ್ಚು ಹೇಳಿದರೆ ಮನ್ನಿಸಿ. ಕುರುಬರು ನೇಯ್ದ ಕರಿಯ ಕಂಬಳಿ ಒರಟು, ಚುಚ್ಚುತ್ತದೆ, ನಿಜ. ಆದರೆ ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ, ಶಾಖವನ್ನು ಹಿಡಿದಿಡುವ ಗುಣವನ್ನೂ ಬಿಡುವುದಿಲ್ಲ. ಹತ್ತಿ ಹಾಗಲ್ಲ, ತೇವ ಹಿಡಿದರೆ ಅದು ನಮ್ಮ ಮೈಯ ಶಾಖವನ್ನೇ ಎಳೆದುಕೊಳ್ಳುತ್ತದೆ. ಮಲೆನಾಡಿನಲ್ಲಿ ನಾಟಿಗೆ ಹೋಗುವವರು ಕಂಬಳಿಕೊಪ್ಪೆ ಹಾಕಿಕೊಂಡು ದಿನವಿಡೀ ಮಳೆಯಲ್ಲಿ ನಿಲ್ಲುತ್ತಿದ್ದುದು ಇದೇ ಗುಣದ ಬಲದಿಂದ. ಒಳಗೆ ತೆಳುವಾದ ಹತ್ತಿಯ ದುಪ್ಪಟಿ, ಅದರ ಮೇಲೆ ಕಂಬಳಿ ಹೊದಿಸಿದರೆ ಚುಚ್ಚುವುದಿಲ್ಲ.

ಒಂದು ಪ್ರಶ್ನೆ: ಮಳೆಗಾಲದ ಬಟ್ಟೆಯನ್ನು ನೀವು ಎಲ್ಲಿ ಒಣಗಿಸುತ್ತಿದ್ದೀರಿ?

ಹ್ಯಾಂಡ್‌ಪೋಸ್ಟ್, ಮೂಡಿಗೆರೆ ತಾಲ್ಲೂಕು:

ಎಲ್ಲರಿಗೂ ಕೃತಜ್ಞತೆಗಳು. ಕೆಂಡದ ವಿಚಾರವನ್ನು ಯಜಮಾನರಿಗೆ ಓದಿ ಹೇಳಿದೆ, ಅವರು ಬಾಣಲೆಯನ್ನು ಕೊಟ್ಟಿಗೆಗೆ ಒಯ್ದಿಟ್ಟರು.

ಮೇಷ್ಟ್ರೇ, ಬಟ್ಟೆಯನ್ನು ಅತ್ತೆಯವರ ಕೋಣೆಯಲ್ಲೇ ಒಣಗಿಸುತ್ತಿದ್ದೇನೆ. ಹೀಟರ್ ಇದ್ದುದು ಅಲ್ಲಿಯೇ ಆದ್ದರಿಂದ ಎರಡು ಹಗ್ಗ ಕಟ್ಟಿದ್ದೆ, ಅದು ಕೆಟ್ಟ ಮೇಲೂ ಹಾಗೇ ಮುಂದುವರಿಯಿತು.

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು, ಹಾಸನ:

ಅದನ್ನು ಈಗಲೇ ತೆಗೆಯಿರಿ. ಒಂದು ಲೀಟರ್ ನೀರು ಆವಿಯಾಗಲು ಒಂದು ಯೂನಿಟ್ ವಿದ್ಯುತ್ತಿನ ಸುಮಾರು ಮೂರನೇ ಎರಡು ಭಾಗದಷ್ಟು ಶಾಖ ಬೇಕು. ಕೈಯಲ್ಲಿ ಹಿಂಡಿದ ಒಂದು ಬಕೆಟ್ ಬಟ್ಟೆಯಲ್ಲಿ ಎರಡು ಲೀಟರ್ ನೀರು ಉಳಿದಿದೆ ಎಂದಿಟ್ಟುಕೊಂಡರೆ, ಸಾವಿರ ವ್ಯಾಟ್ ಹೀಟರನ್ನು ಒಂದು ಗಂಟೆಗೂ ಮಿಕ್ಕಿ ಉರಿಸಿದಷ್ಟು ಶಾಖವನ್ನು ಆ ಬಟ್ಟೆ ಕೋಣೆಯ ಗಾಳಿಯಿಂದ ಕಿತ್ತುಕೊಳ್ಳುತ್ತದೆ. ಹೊರಟ ಆವಿಯೂ ಎಲ್ಲಿಗೂ ಹೋಗದೆ ಗೋಡೆಗೆ, ಗಾಜಿಗೆ, ಹಾಸಿಗೆಗೆ ಕೂತುಕೊಳ್ಳುತ್ತದೆ. ಹಾಸಿಗೆ ಒದ್ದೆಯೋ ತಂಪೋ ತಿಳಿಯದು ಎಂದಿರಲ್ಲ, ಅದರ ಒಂದು ಪಾಲು ಈ ಹಗ್ಗಗಳಿಂದ ಬಂದಿದೆ.

ವೈರಿಂಗ್ ಕೆಲಸದವರು, ಸಕಲೇಶಪುರ:

ಹೀಟರ್ ಬಗ್ಗೆ ನಾನು ಹೇಳುತ್ತೇನೆ. ಕಾಯಿಲ್ ಮಬ್ಬಾಗಿ ಉರಿಯುತ್ತಿತ್ತು ಎಂದರೆ ಹೀಟರ್ ಹಾಳಾಗಿತ್ತೆಂದೇ ಅಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಲೈನಿನ ಕೊನೆಯ ಮನೆಗಳಿಗೆ ವೋಲ್ಟೇಜ್ ಬಹಳ ಇಳಿಯುತ್ತದೆ. 230 ವೋಲ್ಟಿನಲ್ಲಿ 2000 ವ್ಯಾಟ್ ಕೊಡುವ ಹೀಟರ್ 160 ವೋಲ್ಟಿನಲ್ಲಿ ಸಾವಿರ ವ್ಯಾಟಿಗಿಂತ ಕಡಿಮೆ ಕೊಡುತ್ತದೆ, ಏಕೆಂದರೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಶಾಖ ಇಳಿಯುತ್ತದೆ. ಆಗ ಎರಡನೇ ಸ್ವಿಚ್ ಹಾಕಿ, ಇಡೀ ರಾತ್ರಿ ಉರಿಸಿ, ಎಕ್ಸ್‌ಟೆನ್ಶನ್ ವೈರ್ ಎಳೆದು ಮಂಚದ ಹತ್ತಿರ ತರುತ್ತಾರೆ. ನಿಜವಾಗಿ ಕೆಡುವುದು ಅಲ್ಲಿ.

ಪ್ಲಗ್ಗಿನ ಬಳಿ ಸುಟ್ಟ ವಾಸನೆ ಬಂದದ್ದು ನನ್ನ ಪ್ರಕಾರ ಸಾಕೆಟ್ಟಿನ ದೋಷ. 2000 ವ್ಯಾಟ್ ಹೀಟರ್ ಪೂರ್ಣ ವೋಲ್ಟೇಜಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು, ಫ್ಯಾನು ಮೊಬೈಲುಗಳ 6 ಆಂಪಿಯರ್ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ಚುಚ್ಚಿದರೆ ಒಳಗಿನ ಪಿನ್ ಕಾದು ಕಾದು ಸಡಿಲವಾಗುತ್ತದೆ. ಸಡಿಲವಾದಷ್ಟೂ ಇನ್ನಷ್ಟು ಕಾಯುತ್ತದೆ. ಕಡಿದ ಕಾಯಿಲನ್ನು ತಿರುಚಿ ಸೇರಿಸಿಕೊಡುವ ರಿಪೇರಿಯನ್ನು ಮಾತ್ರ ಒಪ್ಪಬೇಡಿ. ಆ ಗಂಟಿನಲ್ಲೇ ಮತ್ತೆ ಕಾದು ಕಡಿಯುತ್ತದೆ, ತುಂಡು ಜಾಲರಿಗೆ ತಗುಲಿದರೆ ಹೀಟರಿನ ಮೈಗೇ ಕರೆಂಟು ಬರಬಹುದು.

ಇನ್ವರ್ಟರ್ ಇದ್ದವರು ಅದಕ್ಕೆ ಹೀಟರ್ ಹಾಕಲು ಹೋಗಬೇಡಿ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ ಇರುವುದೇ 1800 ವ್ಯಾಟ್-ಅವರ್, 2000 ವ್ಯಾಟ್ ಹೀಟರಿಗೆ ಅದು ಒಂದು ಗಂಟೆಗೂ ಸಾಲದು. ಮನೆಯ ಸಾಮಾನ್ಯ ಇನ್ವರ್ಟರ್ ಹೀಟರನ್ನು ಎತ್ತುವುದೂ ಇಲ್ಲ. ಆದರೆ ನೂರು ವ್ಯಾಟಿಗಿಂತ ಕಡಿಮೆ ಎಳೆಯುವ, ಹಾಸಿಗೆಯ ಮೇಲೆ, ಹಾಸುಬಟ್ಟೆಯ ಅಡಿಯಲ್ಲಿ ಹಾಸುವ ಎಲೆಕ್ಟ್ರಿಕ್ ಹೊದಿಕೆಯನ್ನು ಅದು ಹಲವು ಗಂಟೆ ನಡೆಸಬಲ್ಲದು. ಶುಶ್ರೂಷಕಿಯವರು ಹೇಳಿದ ಕಾರಣಕ್ಕೆ ಅದನ್ನೂ ಮಲಗುವ ಮೊದಲು ಹಾಕಿ, ಮಲಗುವಾಗ ಆರಿಸಿಬಿಡಿ.

ಮುಖ್ಯವಾದ ಇನ್ನೊಂದು ಮಾತು. ಕರೆಂಟ್ ಹೋದಾಗ ಹೀಟರಿನ ಪ್ಲಗ್ ಕಿತ್ತಿಡಿ. ಮೂರು ದಿನದಲ್ಲಿ ಅದರ ಮೇಲೆ ಯಾರೋ ಕಾಲುಚೀಲ ಒಣಗಲು ಹಾಕಿರುತ್ತಾರೆ, ನಡುರಾತ್ರಿ ಕರೆಂಟ್ ಬಂದಾಗ ನೋಡುವವರಿರುವುದಿಲ್ಲ. ಬಿದ್ದ ತಂತಿಯ ಹತ್ತಿರ ಮಕ್ಕಳನ್ನೂ ದನಗಳನ್ನೂ ಬಿಡದೆ ವಿದ್ಯುತ್ ದೂರಿನ ಸಂಖ್ಯೆ 1912ಕ್ಕೆ ತಿಳಿಸಿ.

ಬೇಲೂರು ತಾಲ್ಲೂಕಿನಿಂದ:

ನನ್ನದೊಂದು ಭಿನ್ನಾಭಿಪ್ರಾಯವಿದೆ. ಕೆಂಡವನ್ನು ಸಾರಾಸಗಟಾಗಿ ಬೇಡವೆನ್ನುವುದು ಸರಿಯೆನಿಸುವುದಿಲ್ಲ. ನಮ್ಮ ಮನೆಯಲ್ಲಿ ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಲ್ಲದೆ ಇದ್ದದ್ದೇ ಇಲ್ಲ. ಸಾಂಬ್ರಾಣಿ ಹಾಕಿ ತಾಯಿಗೂ ಮಗುವಿಗೂ ಕಾವು ಕೊಡುತ್ತಿದ್ದರು. ಕಿಟಕಿಯನ್ನು ಸ್ವಲ್ಪ ತೆರೆದಿಟ್ಟರೆ ಸಾಲದೆ? ಹೀಟರ್ ಕೊಳ್ಳಲಾಗದವರು ಏನು ಮಾಡಬೇಕು?

ಶುಶ್ರೂಷಕಿ, ಚಿಕ್ಕಮಗಳೂರು:

ನಿಮ್ಮ ಕೊನೆಯ ಪ್ರಶ್ನೆ ನ್ಯಾಯವಾದದ್ದು, ಅದಕ್ಕಾಗಿಯೇ ಹೊದಿಕೆ, ಹಾಸಿಗೆಗಳ ಬಗ್ಗೆ ಇಷ್ಟು ಮಾತಾಡುತ್ತಿದ್ದೇವೆ. ಆದರೆ ಬಾಣಂತಿ ಕೋಣೆಯ ಬಗ್ಗೆ ನಾನು ಒಪ್ಪಲಾರೆ. ಗಾಳಿ ತಾಗಬಾರದೆಂದು ಕಿಟಕಿಯ ಸಂದಿಗೂ ಬಟ್ಟೆ ತುರುಕುವ ಕೋಣೆ ಅದು. ಹಸುಗೂಸಿನ ಉಸಿರಾಟ ದೊಡ್ಡವರಿಗಿಂತ ವೇಗ. ಕಿಟಕಿಯನ್ನು ಎಷ್ಟು ತೆರೆದರೆ ಸಾಕು ಎಂಬ ಲೆಕ್ಕವನ್ನು ಯಾರೂ ಕೊಡಲಾರರು, ಏಕೆಂದರೆ ಅದು ಕೆಂಡದ ಪ್ರಮಾಣ, ಗಾಳಿಯ ದಿಕ್ಕು, ಕೋಣೆಯ ಗಾತ್ರ ಎಲ್ಲವನ್ನೂ ಅವಲಂಬಿಸಿದೆ. ಎಚ್ಚರವಿರುವಾಗ ತೆರೆದ ಜಗಲಿಯಲ್ಲಿ ಅಥವಾ ಹೊಗೆಗೂಡು ಇರುವ ಒಲೆಯ ಮುಂದೆ ಕೂತು ಕಾಯಿಸಿಕೊಳ್ಳಿ. ಮಗುವಿಗೆ ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಮಲಗಿಸುವುದಕ್ಕಿಂತ ಒಳ್ಳೆಯ ಕಾವು ಇಲ್ಲ. ಆ ಹೊತ್ತಿನಲ್ಲಿ ತಾಯಿ ಎಚ್ಚರವಾಗಿರಬೇಕು.

ಚಳಿಗೆಂದು ಒಂದು ಗುಟುಕು ಬ್ರಾಂದಿ ಕೊಡುವ ರೂಢಿಯೂ ಬೇಡ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ಅನಿಸುತ್ತದೆ, ಆದರೆ ಒಳಗಿನ ಶಾಖ ಬೇಗ ಹೊರಟುಹೋಗುತ್ತದೆ.

ಆಲ್ದೂರು, ಹಳೆಯ ಮನೆಯವರು:

ಕೊನೆಗೆ ಕೋಣೆಯ ಮಾತು. ನಮ್ಮ ಮಳೆ ಪಶ್ಚಿಮದಿಂದ, ನೈಋತ್ಯದಿಂದ ಹೊಡೆಯುತ್ತದೆ. ಹಿರಿಯರು ಮುಂಗಾರಿಗೆ ಮೊದಲೇ ಆ ಕಡೆಯ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಗೋಡೆ ನೆನೆಯದಿದ್ದರೆ ಅರ್ಧ ಚಳಿ ಹೋದಂತೆ. ಈಗ ಸೋಗೆ ಸಿಗದಿದ್ದರೆ ಟಾರ್ಪಾಲನ್ನು ಗೋಡೆಗೆ ಅಂಟಿಸದೆ, ಒಂದು ಗೇಣು ಬಿಟ್ಟು ಇಳಿಬಿಡಿ. ಹಿರಿಯರ ಮಂಚವನ್ನು ಮಾತ್ರ ಇಂದೇ ಆ ಕೋಣೆಯಿಂದ ಎತ್ತಿ, ಅಡುಗೆಮನೆ ಬಚ್ಚಲುಗಳಿಗೆ ಅಂಟಿಕೊಂಡ ಒಳಕೋಣೆಗೆ ಹಾಕಿ. ನಿಮ್ಮಲ್ಲಿ ಬಚ್ಚಲೊಲೆ ಇನ್ನೂ ಇದ್ದರೆ, ಹಂಡೆ ಕಾದ ಮೇಲೆ ಆ ಪಕ್ಕದ ಗೋಡೆ ರಾತ್ರಿ ಹತ್ತು ಹನ್ನೊಂದರವರೆಗೂ ಬೆಚ್ಚಗಿರುತ್ತದೆ. ತಾರಸಿ ಮನೆಯಲ್ಲಿ ಅಟ್ಟವಿಲ್ಲ. ಹಲಗೆಯ ಮೇಲೆ ಮಣ್ಣು ಮೆತ್ತಿದ ಅಟ್ಟ ನಮ್ಮ ಮನೆಗಳಿಗೆ ರಜಾಯಿಯಿದ್ದಂತೆ ಇತ್ತು, ಅದನ್ನು ಕಳೆದುಕೊಂಡದ್ದು ನನಗೆ ತುಂಬಾ ನೋವಿನ ಸಂಗತಿ.

ಸೌದೆಯನ್ನು ಉಗಾದಿಯ ಹೊತ್ತಿಗೇ ಒಟ್ಟಿಕೊಳ್ಳದವರು ಈಗ ಹಸಿ ಸೌದೆ ಉರಿಸುತ್ತಿರುತ್ತೀರಿ. ಅದರ ಉರಿಯ ದೊಡ್ಡ ಪಾಲು ಸೌದೆಯೊಳಗಿನ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ನಾಳೆಯ ಸೌದೆಯನ್ನು ಇಂದೇ ಒಲೆಯಿಂದ ಸ್ವಲ್ಪ ದೂರದಲ್ಲಿ ಜೋಡಿಸಿಡಿ.

ದಯವಿಟ್ಟು ತೋಟವಿರುವವರು ನಿಮ್ಮ ತೋಟದ ಕೆಲಸಗಾರರ ಲೈನ್ ಮನೆಗಳನ್ನೂ ಒಮ್ಮೆ ನೋಡಿ ಬನ್ನಿ. ಶೀಟಿನ ಸೂರು, ಸಿಮೆಂಟ್ ನೆಲ, ಹೊರಗಿನಿಂದ ಬಂದ ಕುಟುಂಬಗಳು. ಬಾಗಿಲು ಬಿಗಿಯಾಗಿ ಮುಚ್ಚಿ ಕೆಂಡ ಇಟ್ಟುಕೊಳ್ಳುವುದು ಅಲ್ಲಿಯೇ ಹೆಚ್ಚು. ಮನೆಗೆ ಎರಡು ಕಂಬಳಿ, ನಾಲ್ಕು ಒಣ ಗೋಣಿತಾಟು ಕೊಟ್ಟರೆ ನಮಗೇನೂ ಕಡಿಮೆಯಾಗುವುದಿಲ್ಲ. ಹೋದ ವರ್ಷ ನಾವು ಕೊಟ್ಟೆವು, ಕೆಂಡದ ಅಪಾಯವನ್ನು ಅವರ ಭಾಷೆ ಬಲ್ಲ ಹುಡುಗನೊಬ್ಬನಿಂದ ಹೇಳಿಸಿದೆವು.

ಹ್ಯಾಂಡ್‌ಪೋಸ್ಟ್, ಮೂಡಿಗೆರೆ ತಾಲ್ಲೂಕು:

ನಿನ್ನೆ ರಾತ್ರಿಯ ವಿವರ ತಿಳಿಸುತ್ತಿದ್ದೇನೆ. ಮಂಚವನ್ನು ಬಚ್ಚಲಿನ ಪಕ್ಕದ ಒಳಕೋಣೆಗೆ ಸಾಗಿಸಿದೆವು. ಮೂರು ಗೋಣಿತಾಟುಗಳನ್ನು ಸಂಜೆಯವರೆಗೆ ಬಚ್ಚಲೊಲೆಯ ಮುಂದೆ ಹರಡಿ, ಒಣ ವಾಸನೆ ಬರುವವರೆಗೂ ಕಾಯಿಸಿ ಹಾಸಿದೆ. ಅದರ ಮೇಲೆ ಚಾಪೆ, ಹಾಸಿಗೆ, ಮಾವನವರ ಕಾಲದ ಕಂಬಳಿ. ಬಟ್ಟೆಯ ಹಗ್ಗಗಳು ಈಗ ಬಚ್ಚಲಿನ ಹೊರಗಿನ ಸೂರಿನಡಿ ಇವೆ. ರಾತ್ರಿ ಹುರುಳಿಕಟ್ಟಿನ ಸಾರು, ಬಿಸಿ ಮುದ್ದೆ ಉಣಿಸಿ, ಹೊದಿಕೆಯೊಳಗಿನಿಂದ ನೀರಿನ ಚೀಲ ತೆಗೆದು ಮಲಗಿಸಿದೆ. ನಾನೂ ಮಗಳೂ ಅದೇ ಕೋಣೆಯಲ್ಲಿ ಮಲಗಿದೆವು.

ಬೆಳಗಿನ ಜಾವ ಉಷ್ಣಮಾಪಕ 19 ತೋರಿಸಿತು, ಎರಡೇ ಡಿಗ್ರಿ ಹೆಚ್ಚು. ಆದರೆ ಹೊದಿಕೆಯೊಳಗೆ ಕೈಹಾಕಿ ಪಾದ ಮುಟ್ಟಿದೆ, ಬೆಚ್ಚಗಿತ್ತು. ಕೆಂಡ ಬೇಕೆಂದು ಅವರು ಮತ್ತೆ ಕೇಳಲಿಲ್ಲ. ಸಂಜೆ ಹೊತ್ತು ಬಚ್ಚಲೊಲೆಯ ಮುಂದೆ ಮಣೆ ಹಾಕಿ, ಬಾಗಿಲು ತೆರೆದಿಟ್ಟು ಕೂರಿಸುತ್ತೇನೆ, ಅದು ಅವರಿಗೆ ಇಷ್ಟವಾಗಿದೆ.

ಸಕಲೇಶಪುರದ ಅಣ್ಣ, ನಮ್ಮೂರಿನ ಎಲೆಕ್ಟ್ರಿಷಿಯನ್ ಮೇನ್ ಆರಿಸಿ ಸಾಕೆಟ್ ಬಿಚ್ಚಿ ನೋಡಿದರು. ನೀವು ಹೇಳಿದಂತೆಯೇ 6 ಆಂಪಿಯರಿನದು, ಹಿಂದಿನ ವೈರಿನ ಪ್ಲಾಸ್ಟಿಕ್ ಕರಗಿ ಕಪ್ಪಾಗಿ ಪಿನ್ನಿಗೆ ಅಂಟಿಕೊಂಡಿದೆ. ಸಾಕೆಟ್ ಮಾತ್ರ ದೊಡ್ಡದು ಹಾಕಿಸಿದರೆ ಸಾಕೆ?

ವೈರಿಂಗ್ ಕೆಲಸದವರು, ಸಕಲೇಶಪುರ:

ಸಾಲದಮ್ಮ. ಹಳೆಯ ತೆಳು ವೈರಿಗೆ ದೊಡ್ಡ ಸಾಕೆಟ್ ಹಾಕಿದರೆ ಮುಂದಿನ ಸಲ ಗೋಡೆಯೊಳಗೇ ಸುಡುತ್ತದೆ. ಬೋರ್ಡಿನಿಂದ ನೇರವಾಗಿ 4 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆಸಿ, ಅದಕ್ಕೆ ಬೇರೆ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಆರುವ ಸ್ವಿಚ್) ಹಾಕಿಸಿ, ಅರ್ಥಿಂಗ್ ಪರೀಕ್ಷಿಸಲು ಹೇಳಿ. ಗೋಡೆ ಒಣಗದೆ ಕೊರೆಯುವುದು ಬೇಡ, ಸದ್ಯಕ್ಕೆ ಪೈಪಿನಲ್ಲಿ ಗೋಡೆಯ ಮೇಲೆಯೇ ಎಳೆಯಲಿ. ಅಲ್ಲಿಯವರೆಗೆ ಹೀಟರ್ ಪೆಟ್ಟಿಗೆಯಲ್ಲೇ ಇರಲಿ.